ಕೇಳುವ ಪಾಳಿ

— ಭಾಷಣ ಕಲೀಲಿಕ್ಕೆ ಅಂತ ಸೇರಿದವಳು ನೀನು. ಈಗ ನೋಡಿದರೆ ಭಾಷಣದ ಸುದ್ದಿಯೇ ಇಲ್ಲ, ಅಲ್ಲಿ ಸಿಕ್ಕಿದ ಜನರದ್ದೇ ಸುದ್ದಿ. ಅದೆಂತ ಕ್ಲಬ್ಬು ಮಾರಾಯ್ತಿ? ಬೆಂಗಳೂರಿನಲ್ಲಿ ಜನ ಸಿಗಲಿಕ್ಕೆ ಕ್ಲಬ್ಬಿಗೆ ಹೋಗಬೇಕಾ? ಮೆಟ್ರೋದ ಒಂದು ಬೋಗಿಯಲ್ಲೇ ಅರ್ಧ ಇಂಡಿಯಾ ಇರ್ತದೆ.

— ಇರ್ತದೆ ಮಾವ, ಆದರೆ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಪಕ್ಕದಲ್ಲಿ ಕೂತವರು ಏನು ಕೆಲಸ ಮಾಡ್ತಾರೆ, ಯಾವ ಊರಿಂದ ಬಂದರು, ಮನೆಯಲ್ಲಿ ಯಾರಿದ್ದಾರೆ, ಒಂದೂ ಗೊತ್ತಾಗುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರು ಗೊತ್ತಾದದ್ದೇ ಅವರ ಕೊರಿಯರ್ ತಪ್ಪಿ ನಮ್ಮ ಬಾಗಿಲಿಗೆ ಬಂದಾಗ. ಆಫೀಸಿನಲ್ಲಿ ಸಿಗುವವರು ನನ್ನ ಹಾಗೇ ಓದಿದವರು, ಹೆಚ್ಚುಕಮ್ಮಿ ನನ್ನಷ್ಟೇ ಸಂಬಳದವರು. ಮದುವೆ ಮುಂಜಿಯಲ್ಲಿ ಸಿಗುವವರು ನಮ್ಮ ಕಡೆಯವರೇ. ಇಷ್ಟು ದೊಡ್ಡ ಊರಿನಲ್ಲಿದ್ದೂ ನಾನು ಕಿವಿಗೊಟ್ಟು ಮಾತು ಕೇಳಿದ್ದು ನನ್ನಂಥವರದ್ದು ಮಾತ್ರ. ಕ್ಲಬ್ಬಿಗೆ ಹೋಗಲು ಶುರು ಮಾಡಿದ ಮೇಲೆ ಅದು ಬದಲಾಯಿತು.

— ಅಲ್ಲಿ ನಡೆಯುವ ಕ್ರಮ ಹೇಳು. ಕ್ರಮ ಗೊತ್ತಾದರೆ ಉಳಿದದ್ದು ಅರ್ಥವಾಗ್ತದೆ.

— ಟೋಸ್ಟ್‌ಮಾಸ್ಟರ್ಸ್ ಅಂತ ಸಂಸ್ಥೆ. ನಮ್ಮ ಕ್ಲಬ್ಬು ಸೇರುವುದು ಬಸವನಗುಡಿ ಕಡೆ ಒಂದು ಶಾಲೆಯ ಕೋಣೆಯಲ್ಲಿ, ಶನಿವಾರ ಸಂಜೆ. ಒಂದು ವಾರ ಕನ್ನಡ, ಒಂದು ವಾರ ಇಂಗ್ಲಿಷ್. ಇಪ್ಪತ್ತು ಇಪ್ಪತ್ತೈದು ಜನ ಇರ್ತೇವೆ. ಸಿದ್ಧ ಮಾಡಿಕೊಂಡು ಬಂದ ಭಾಷಣಗಳು ಎರಡೋ ಮೂರೋ. ಒಂದೊಂದಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ. ಹೊಸಬರ ಮೊದಲ ಭಾಷಣ ಅವರ ಬಗ್ಗೆಯೇ ಇರಬೇಕು, ಅದಕ್ಕೆ 4ರಿಂದ 6 ನಿಮಿಷ. ಟೈಮರ್ ಅಂತ ಒಬ್ಬರು ಹಿಂದೆ ಕೂತು ಹಸಿರು, ಹಳದಿ, ಕೆಂಪು ಕಾರ್ಡು ಎತ್ತಿ ತೋರಿಸ್ತಾರೆ. ಆಮೇಲೆ ಆಶುಭಾಷಣ. ಅಲ್ಲಿಯೇ ಕೊಟ್ಟ ವಿಷಯದ ಮೇಲೆ ಒಂದರಿಂದ ಎರಡು ನಿಮಿಷ ಮಾತಾಡಬೇಕು. ಕೊನೆಗೆ ವಿಮರ್ಶೆ. ಪ್ರತಿ ಭಾಷಣಕ್ಕೂ ಮೊದಲೇ ಒಬ್ಬ ವಿಮರ್ಶಕರನ್ನು ನೇಮಿಸಿರ್ತಾರೆ, ಅವರು ಎದ್ದು ನಿಂತು ಎರಡು ಮೂರು ನಿಮಿಷ, ಎಲ್ಲರ ಎದುರಿಗೇ, ಏನು ಚೆನ್ನಾಗಿತ್ತು, ಏನು ತಿದ್ದಿಕೊಳ್ಳಬೇಕು ಅಂತ ಹೇಳಬೇಕು. ಈ ಕೆಲಸಗಳೆಲ್ಲ ಪಾಳಿಯ ಮೇಲೆ. ಈ ವಾರ ಟೈಮರ್ ಆದವರು ಮುಂದಿನ ವಾರ ಸಭೆ ನಡೆಸ್ತಾರೆ, ಅದರ ಮುಂದಿನ ವಾರ ವಿಮರ್ಶಕರು.

— ಇಷ್ಟೆಲ್ಲ ನಮ್ಮ ಶಾಲೆಯ ಚರ್ಚಾಸ್ಪರ್ಧೆಯಲ್ಲೂ ಇತ್ತಲ್ಲ. ಗಂಟೆ ಬಾರಿಸುವವರು, ತೀರ್ಪುಗಾರರು, ವಿಷಯದ ಚೀಟಿ. ನಾನೇ ಎಷ್ಟು ಸಭೆಗಳಲ್ಲಿ ತೀರ್ಪುಗಾರನಾಗಿ ಕೂತಿದ್ದೇನೆ. ಅಲ್ಲಿ ಮಕ್ಕಳು ಕಲಿತದ್ದು ಎದುರಾಳಿಯನ್ನು ಸೋಲಿಸಲಿಕ್ಕೆ. ಪರ ಅಂತ ಚೀಟಿ ಬಂದರೆ ಪರ, ವಿರೋಧ ಅಂತ ಬಂದರೆ ವಿರೋಧ. ಸ್ಪರ್ಧೆ ಮುಗಿದ ಮೇಲೆ ಸುಳ್ಯದ ಹುಡುಗನಿಗೆ ಬೆಳ್ತಂಗಡಿಯ ಹುಡುಗಿಯ ಬಗ್ಗೆ ಗೊತ್ತಿದ್ದದ್ದು ಅವಳ ಅಂಕ ಮಾತ್ರ.

— ವ್ಯತ್ಯಾಸ ಅಲ್ಲಿಯೇ ಇರುವುದು. ನಮ್ಮಲ್ಲಿ ಎದುರಾಳಿ ಅಂತ ಯಾರೂ ಇಲ್ಲ. ಸ್ಪರ್ಧೆಗಳಿವೆ, ಆದರೆ ಅವು ಬೇರೆ ದಿನ. ವಾರದ ಸಭೆಯಲ್ಲಿ ಮಾತಾಡುವವರನ್ನು ತಡೆಯುವ ಹಾಗಿಲ್ಲ, ಉತ್ತರ ಕೊಡುವ ಹಾಗಿಲ್ಲ, ಫೋನ್ ನೋಡುವ ಹಾಗಿಲ್ಲ. ಏಳು ನಿಮಿಷ ಕೂತು ಕೇಳಲೇಬೇಕು. ನಿಮಗೆ ಒಂದು ಭಾಷಣದ ಬಗ್ಗೆ ಹೇಳ್ತೇನೆ.

ರಾಯಚೂರು ಕಡೆಯ ಒಬ್ಬರಿದ್ದಾರೆ, ಐಟಿಐ ಮಾಡಿ ಬಂದು ಇಲ್ಲಿ ಲಿಫ್ಟ್ ರಿಪೇರಿ ಮಾಡ್ತಾರೆ. ಮೊದಲ ಭಾಷಣಕ್ಕೆ ಬಂದಾಗ ಅಂಗಿಯ ಕೈ ಇಳಿಬಿಟ್ಟು ಗುಂಡಿ ಹಾಕಿಕೊಂಡಿದ್ದರು. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಇನ್ನೂ ಇತ್ತು, ತೊಳೆದರೂ ಹೋಗದ ಕಪ್ಪು. ಶುರು ಮಾಡಿದ್ದು ಇತಿಹಾಸದಿಂದ. 1854ರಲ್ಲಿ ನ್ಯೂಯಾರ್ಕಿನಲ್ಲಿ ಎಲಿಷಾ ಓಟಿಸ್ ಎಂಬವನು ಎತ್ತರದಲ್ಲಿ ನಿಲ್ಲಿಸಿದ ಅಟ್ಟಣಿಗೆಯ ಮೇಲೆ ತಾನೇ ನಿಂತು, ಜನರೆದುರಿಗೆ ಅದರ ಹಗ್ಗ ಕಡಿಸಿದ. ಅಟ್ಟಣಿಗೆ ಸ್ವಲ್ಪ ಜಾರಿ ಅಲ್ಲೇ ಕಚ್ಚಿಕೊಂಡು ನಿಂತಿತು. ಹಗ್ಗ ಹರಿದರೂ ಬೀಳದ ವ್ಯವಸ್ಥೆ ಅದು. ಇದನ್ನೆಲ್ಲ ಅವರು ಬಾಯಿಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದರು. ಆಮೇಲೆ ಒಂದು ಕ್ಷಣ ನಿಂತು, ತಮ್ಮ ಊರಿನ ಮಾತಿಗೇ ಇಳಿದರು. ದೊಡ್ಡ ಕಟ್ಟಡಗಳಲ್ಲಿ ಎರಡು ಲಿಫ್ಟು ಅಕ್ಕಪಕ್ಕ ಇರ್ತವೆ, ನಡುವೆ ಗೋಡೆ ಇರುವುದಿಲ್ಲ. ಒಂದನ್ನು ನಿಲ್ಲಿಸಿ ಅದರ ನೆತ್ತಿಯ ಮೇಲೆ ಹತ್ತಿ ಇವರು ಕೆಲಸ ಮಾಡ್ತಿದ್ದರೆ ಪಕ್ಕದ್ದು ಜನರನ್ನು ತುಂಬಿಕೊಂಡು ಓಡ್ತಾ ಇರ್ತದೆ. ಕತ್ತಲಲ್ಲಿ ನಿಂತವರಿಗೆ ಒಳಗಿನ ಮಾತೆಲ್ಲ ಕೇಳಿಸ್ತದೆ. ಗಂಡ ಹೆಂಡತಿಯ ಜಗಳ, ಮಕ್ಕಳ ಪರೀಕ್ಷೆಯ ಮಾತು, ಜೊತೆಗೆ ‘ಈ ಮೆಕ್ಯಾನಿಕ್ ಬೆಳಿಗ್ಗೆಯಿಂದ ಏನು ಮಾಡ್ತಾ ಇದ್ದಾನೋ’ ಅಂತ ಇವರ ಮೇಲೆಯೇ ಬೈಗುಳ. ಯಾವ ಮಹಡಿಯ ಬಟನ್ನು ಹೆಚ್ಚು ಸವೆದಿದೆ ನೋಡಿದರೆ ಆ ಮಹಡಿಯಲ್ಲಿ ಮಕ್ಕಳು ಎಷ್ಟಿದ್ದಾರೆ ಅಂತ ಹೇಳಬಲ್ಲೆ ಅಂದರು.

ಅವತ್ತು ಅವರಿಗೆ ವಿಮರ್ಶಕರಾಗಿದ್ದವರು ಒಂದು ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು. ಲಿಫ್ಟ್ ಕೆಟ್ಟಾಗ ಫೋನ್ ಮಾಡಿ ಗದರುವ ಜಾಗದಲ್ಲಿ ಕೂತವರು. ಅವರು ಎದ್ದು ನಿಂತು ಹೇಳಿದ್ದು: ‘ಓಟಿಸ್ ಕಥೆಯನ್ನು ನೀವು ಓದಿ ಹೇಳಿದಿರಿ, ಕತ್ತಲಲ್ಲಿ ನಿಂತ ಕಥೆಯನ್ನು ಕಂಡು ಹೇಳಿದಿರಿ. ಮುಂದಿನ ಸಲ ಎರಡನೆಯದರಿಂದಲೇ ಶುರು ಮಾಡಿ.’

— ಒಳ್ಳೆಯ ವಿಮರ್ಶೆ. ನನ್ನ ವಿದ್ಯಾರ್ಥಿಗಳ ಪ್ರಬಂಧಗಳಿಗೆ ನಾನೂ ಅದನ್ನೇ ಬರೆಯುತ್ತಿದ್ದೆ. ಆದರೆ ನಿನ್ನ ಮಾತಿನಲ್ಲಿ ನನಗೊಂದು ಅನುಮಾನ ಉಂಟು. ಲಿಫ್ಟಿನವನ ಕಥೆ ಕೇಳಿ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅಪರೂಪದ ಕಥೆ, ಚಂದ ಇತ್ತು. ಅಷ್ಟಕ್ಕೇ ನಿಂತರೆ ಅದು ಪ್ರದರ್ಶನ ನೋಡಿ ಬಂದ ಹಾಗಾಯಿತಲ್ಲ? ಬಡವರ ಕಷ್ಟ ಕೇಳಿ ಮನಸ್ಸು ತುಂಬಿ ಬಂತು ಅಂತ ಹೇಳಿಕೊಂಡು ಮನೆಗೆ ಹೋಗುವವರು ಎಷ್ಟು ಜನ ಇಲ್ಲ!

— ಅಷ್ಟಕ್ಕೇ ನಿಲ್ಲುವುದಿಲ್ಲ, ಯಾಕೆಂದರೆ ಪಾಳಿ ತಿರುಗ್ತದೆ. ಮುಂದಿನ ತಿಂಗಳು ಆ ಅಧ್ಯಕ್ಷರು ಮಾತಾಡಿದಾಗ ವಿಮರ್ಶೆ ಮಾಡಿದ್ದು ಇದೇ ಲಿಫ್ಟಿನವರು. ಕೈಯಲ್ಲೊಂದು ಹಾಳೆ ಹಿಡಿದು, ‘ಸರ್, ನಿಮ್ಮ ಭಾಷಣದಾಗ ನಾಲ್ಕು ವಿಷಯ ಇದ್ವು, ನನಗೆ ನೆನಪುಳಿದದ್ದು ಒಂದ’ ಅಂದರು. ಅಧ್ಯಕ್ಷರು ಬರೆದುಕೊಂಡರು. ಕೇಳಿ ಚಪ್ಪಾಳೆ ತಟ್ಟುವುದು ಸುಲಭ ಮಾವ. ಅವರಿಂದ ತಿದ್ದಿಸಿಕೊಳ್ಳುವುದು ಬೇರೆಯೇ ವಿಷಯ.

ಇನ್ನೊಬ್ಬರು ನಿವೃತ್ತ ಸುಬೇದಾರರು. ಫಿರಂಗಿ ದಳದಲ್ಲಿದ್ದವರು, ಒಂದು ಕಿವಿ ಸರಿಯಾಗಿ ಕೇಳುವುದಿಲ್ಲ. ಅವರಿಗೆ ವಿಮರ್ಶಕಿಯಾಗಿ ಬಂದದ್ದು ಡಿಗ್ರಿ ಓದುವ ಹುಡುಗಿ. ಅವಳ ಕೈ ನಡುಗ್ತಾ ಇತ್ತು, ಕಾಗದದ ಸದ್ದು ನಮಗೆಲ್ಲ ಕೇಳಿಸ್ತಿತ್ತು. ಆದರೂ ಹೇಳಿದಳು: ‘ಸರ್, ನೀವು ನಮ್ಮ ತಲೆಯ ಮೇಲಿಂದ ಹಿಂದಿನ ಗೋಡೆ ನೋಡಿಕೊಂಡು ಮಾತಾಡಿದಿರಿ. ಎದುರಿಗೆ ಪರೇಡ್ ಇಲ್ಲ, ನಾವಿದ್ದೇವೆ.’ ಅವರು ಸಭೆ ಮುಗಿದ ಮೇಲೆ ಅವಳನ್ನು ಹುಡುಕಿಕೊಂಡು ಹೋಗಿ, ಚೆನ್ನಾಗಿ ಕೇಳುವ ಕಿವಿಯನ್ನು ಅವಳ ಕಡೆ ತಿರುಗಿಸಿ, ‘ಯಾರನ್ನು ನೋಡಬೇಕು, ಎಷ್ಟು ಹೊತ್ತು ನೋಡಬೇಕು ಹೇಳಮ್ಮ’ ಅಂತ ಕೇಳಿದರು.

— ಇದು ದೊಡ್ಡ ವಿಷಯ. ಇಷ್ಟು ವರ್ಷ ಪಾಠ ಮಾಡಿದ ನನಗೆ ಒಬ್ಬ ಹುಡುಗನೂ ಎದ್ದು ನಿಂತು, ಸಾರ್ ನೀವು ಇವತ್ತು ಹೇಳಿದ್ದು ಹಿಂದಿನ ಬೆಂಚಿಗೆ ಮುಟ್ಟಲಿಲ್ಲ ಅಂತ ಹೇಳಿದ್ದಿಲ್ಲ. ಮಕ್ಕಳಿಗೆ ಹಾಗೆ ಹೇಳಲಿಕ್ಕೆ ನಮ್ಮ ಶಾಲೆಗಳಲ್ಲಿ ಜಾಗವೇ ಇರಲಿಲ್ಲ. ಹಿರಿಯರಿಗೆ ಕಿರಿಯರು ತಪ್ಪು ತೋರಿಸುವುದು ಉದ್ಧಟತನ ಅನ್ನುವ ಮನೆಗಳಲ್ಲಿ ಬೆಳೆದವರು ನಾವು. ಅದಕ್ಕೊಂದು ಪಾಳಿ, ಒಂದು ಹಾಳೆ, ಎರಡು ನಿಮಿಷ ಅಂತ ಮಾಡಿಕೊಟ್ಟರೆ ಮರ್ಯಾದೆಯೂ ಉಳಿಯಿತು, ಮಾತೂ ಹೊರಗೆ ಬಂತು. ಒಪ್ಪಿದೆ.

ಆದರೆ ಬೇರೆ ಬೇರೆ ಬದುಕಿನವರು ಮಾತಿನಿಂದ ಸೇರುವುದು ಹೊಸತೇನಲ್ಲ. ನಮ್ಮ ತಾಳಮದ್ದಳೆ ಎಂತದು ಮತ್ತೆ? ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ಮಳೆ ಹಿಡಿಯಿತು ಅಂದರೆ ಊರೂರಲ್ಲಿ ಕೂಟ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ್ಯ, ಚೆಂಡೆ ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಬರೆದಿಟ್ಟ ಮಾತು ಒಂದೂ ಇಲ್ಲ. ಎಲ್ಲ ಆಗಿಂದಾಗಲೇ ಹುಟ್ಟಬೇಕು. ಅಲ್ಲಿ ಅರ್ಥ ಹೇಳುವವರಲ್ಲಿ ಮೇಷ್ಟ್ರಿದ್ದಾರೆ, ವಕೀಲರಿದ್ದಾರೆ, ಅಡಿಕೆ ತೋಟದವರಿದ್ದಾರೆ, ಬ್ಯಾಂಕಿನವರಿದ್ದಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲಿಕ್ಕೆ ಗದ್ದೆ ಕೆಲಸ ಮುಗಿಸಿ ರಾತ್ರಿ ಮೈಲಿಗಟ್ಟಲೆ ನಡೆದು ಬರುತ್ತಿದ್ದರು ಜನ. ಸಂಪಾಜೆಯ ಜಬ್ಬಾರ್ ಸಮೋ ಪುರಾಣದ ಪಾತ್ರಕ್ಕೆ ಅರ್ಥ ಹೇಳಲಿಕ್ಕೆ ಕೂತರೆ ಅವರು ಯಾವ ಧರ್ಮದವರು ಅಂತ ಯಾರಿಗೆ ನೆನಪಿರ್ತದೆ? ಎದುರಿನ ಅರ್ಥಧಾರಿಗೆ ಅವರ ಪ್ರಶ್ನೆಗೆ ಉತ್ತರ ಹುಡುಕುವುದೇ ಸಾಕಾಗಿರ್ತದೆ.

— ಅದನ್ನು ನಾನು ಚಿಕ್ಕವಳಿದ್ದಾಗ ನಿಮ್ಮ ಜೊತೆ ಕೂತು ಕೇಳಿದ್ದೇನೆ ಮಾವ. ಮಾತಿನ ಮೇಲೆ ನನಗೆ ಆಸೆ ಹುಟ್ಟಿದ್ದೇ ಅಲ್ಲಿ. ಆದರೆ ಎರಡು ವ್ಯತ್ಯಾಸ ಇದೆ. ಅಲ್ಲಿ ಜಬ್ಬಾರರು ಮಾತಾಡುವುದು ಪಾತ್ರವಾಗಿ. ಅವರ ಸ್ವಂತ ಬದುಕಿನ ಮಾತು ಆ ರಾತ್ರಿ ನಮಗೆ ಸಿಗುವುದಿಲ್ಲ, ಸಿಗಬೇಕಾದ್ದೂ ಇಲ್ಲ, ಕಲೆಯ ನಿಯಮ ಅದು. ಇನ್ನೊಂದು, ಮಾತು ಬಲ್ಲವರು ಐದಾರು ಜನ, ಉಳಿದ ಮುನ್ನೂರು ಜನ ಕೇಳುಗರು. ಕೇಳುಗ ಎದ್ದು ಮಾತಾಡುವ ಪಾಳಿ ಬರುವುದೇ ಇಲ್ಲ. ಗದ್ದೆ ಮುಗಿಸಿ ನಡೆದು ಬಂದವರು ಕೇಳಿ ಮರಳಿ ನಡೆದು ಹೋದರು. ಅವರು ಏನು ಹೇಳ್ತಿದ್ದರು ಅಂತ ಯಾರಿಗೂ ಗೊತ್ತಾಗಲಿಲ್ಲ.

— ಹ್ಞೂಂ. ಅವರು ಮನೆಗೆ ಹೋಗುವ ದಾರಿಯಲ್ಲಿ ಹೇಳ್ತಿದ್ದರು. ಕರ್ಣ ಅಲ್ಲಿ ಸೋತ, ಕೃಷ್ಣನ ಮಾತು ಇಲ್ಲಿ ಸಡಿಲಾಯಿತು ಅಂತ. ಸೂಟೆ ಹಿಡಿದುಕೊಂಡು ನಡೆಯುತ್ತಾ ಹೇಳುವ ಆ ವಿಮರ್ಶೆ ಎಷ್ಟು ಹರಿತ ಇರ್ತಿತ್ತು! ಆದರೆ ಅದು ಅರ್ಥಧಾರಿಯ ಕಿವಿಗೆ ಬೀಳುತ್ತಿರಲಿಲ್ಲ, ಅದು ನಿಜ.

ನನಗೆ ಇನ್ನೊಂದು ನೆನಪಾಗ್ತದೆ. ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ಒಂದು ಕ್ಲಬ್ಬಿನ ವಿಷಯ ಬರ್ತದೆ, ಜುಂಟೋ ಅಂತ ಹೆಸರು. 1727ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದದ್ದು. ಆಗ ಅವನಿಗೆ ಇಪ್ಪತ್ತೊಂದು ವರ್ಷ, ಮುದ್ರಣಾಲಯದಲ್ಲಿ ಕೆಲಸ. ಶುಕ್ರವಾರ ರಾತ್ರಿ ಸೇರ್ತಿದ್ದವರು ಯಾರು ಅಂದರೆ, ಕಿಟಕಿಗೆ ಗಾಜು ಕೂರಿಸುವ ಒಬ್ಬ, ಭೂಮಿ ಅಳೆಯುವ ಒಬ್ಬ, ಜೋಡು ಹೊಲಿಯುವುದನ್ನು ಕಲಿತ ಒಬ್ಬ, ಮರಗೆಲಸದವ, ಪತ್ರ ನಕಲು ಮಾಡುವವ, ವ್ಯಾಪಾರಿಯ ಅಂಗಡಿಯ ಗುಮಾಸ್ತ, ಸ್ವಲ್ಪ ಆಸ್ತಿ ಇದ್ದ ಒಬ್ಬ ಶ್ರೀಮಂತ. ಗಾಜಿನವ ತಾನೇ ಗಣಿತ ಕಲಿತವ. ಅಲ್ಲಿ ಅವರು ಒಂದು ನಿಯಮ ಮಾಡಿಕೊಂಡರು: ನಾನು ಹೇಳಿದ್ದೇ ಸರಿ ಅನ್ನುವ ಧಾಟಿಯಲ್ಲಿ ಮಾತಾಡಿದರೆ, ಇನ್ನೊಬ್ಬರ ಮಾತನ್ನು ನೇರವಾಗಿ ಅಲ್ಲಗಳೆದರೆ ಸಣ್ಣದೊಂದು ದಂಡ. ಅದನ್ನು ಓದಿದ ದಿನ ನನಗೆ ಅನಿಸಿದ್ದು, ಈ ದಂಡ ಇಲ್ಲದಿದ್ದರೆ ಶ್ರೀಮಂತ ಮಾತಾಡ್ತಿದ್ದ, ಗಾಜಿನವ ತಲೆ ಅಲ್ಲಾಡಿಸ್ತಿದ್ದ. ಮುಂದೆ 1731ರಲ್ಲಿ ಅದೇ ಗೆಳೆಯರ ನಡುವಿಂದ ಚಂದಾ ಕೂಡಿಸಿ ನಡೆಸುವ ಪುಸ್ತಕ ಭಂಡಾರ ಹುಟ್ಟಿತು. ಅವರ ಮಾತು ಮಾತಾಗಿಯೇ ಉಳಿಯಲಿಲ್ಲ.

— ನಮ್ಮ ಕ್ಲಬ್ಬಿನ ಮೂಲವೂ ಅಮೆರಿಕವೇ. ರಾಲ್ಫ್ ಸ್ಮೆಡ್ಲಿ ಅಂತ ವೈಎಂಸಿಎಯಲ್ಲಿ ಕೆಲಸ ಮಾಡ್ತಿದ್ದವರು. ಅಲ್ಲಿಗೆ ಬರುವ ಹುಡುಗರಿಗೆ ನಾಲ್ಕು ಜನರೆದುರು ಮಾತಾಡಲು, ಸಭೆ ನಡೆಸಲು ಬರುವುದಿಲ್ಲ ಅಂತ ಕಂಡು ಶುರು ಮಾಡಿದರು. ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ 1924ರ ಅಕ್ಟೋಬರಿನಲ್ಲಿ ಮೊದಲ ಸಭೆ.

— ಹುಡುಗರಿಗೆ. ಹುಡುಗಿಯರಿಗೆ?

— ಅದನ್ನೇ ಹೇಳಲು ಹೊರಟಿದ್ದೆ. ಸುಮಾರು ಐವತ್ತು ವರ್ಷ ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. ಅವರು 1938ರಲ್ಲಿ ತಮ್ಮದೇ ಬೇರೆ ಸಂಸ್ಥೆ ಕಟ್ಟಿಕೊಂಡರು. 1970ರಲ್ಲಿ ಹೆಲೆನ್ ಬ್ಲಾಂಚರ್ಡ್ ಅನ್ನುವವರನ್ನು ಅವರ ಕ್ಲಬ್ಬಿನವರು ‘ಹೋಮರ್ ಬ್ಲಾಂಚರ್ಡ್’ ಅಂತ ಗಂಡಸಿನ ಹೆಸರು ಬರೆದು ಸೇರಿಸಿಕೊಂಡರು. 1973ರಲ್ಲಿ ನಿಯಮವೇ ಬದಲಾಯಿತು. ಅದೇ ಹೆಲೆನ್ 1985ರಲ್ಲಿ ಇಡೀ ಸಂಸ್ಥೆಯ ಅಧ್ಯಕ್ಷೆಯಾದರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ನನಗೆ ಇದರಲ್ಲಿ ಇಷ್ಟವಾಗುವುದು ಆ ಕ್ಲಬ್ಬಿನ ಗಂಡಸರ ಕೆಲಸ. ನಿಯಮ ಏನೇ ಇರಲಿ, ಅವಳನ್ನು ಹೊರಗಿಡಲು ಅವರಿಗೆ ಮನಸ್ಸಾಗಲಿಲ್ಲ.

— ಹಾಗಾದರೆ ನಾನು ಕೇಳಬೇಕಾದ ಪ್ರಶ್ನೆಯೂ ಅದೇ. ಇವತ್ತು ನಿಮ್ಮ ಕೋಣೆಯ ಹೊರಗೆ ಯಾರಿದ್ದಾರೆ?

— ಬಹಳ ಜನ. ಆರು ತಿಂಗಳಿಗೊಮ್ಮೆ ಶುಲ್ಕ ಕಟ್ಟಬೇಕು, ಅದು ಡಾಲರ್ ಲೆಕ್ಕದಲ್ಲಿ ನಿಗದಿಯಾಗುವುದು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಆ ಹಣ ಕಟ್ಟುವುದಿಲ್ಲ. ಕಟ್ಟಿದರೂ ಶನಿವಾರ ಸಂಜೆ ಅವರಿಗೆ ಇನ್ನೂ ಎರಡು ಮನೆಯ ಪಾತ್ರೆ ಬಾಕಿ ಇರ್ತದೆ. ಎಷ್ಟೋ ಕ್ಲಬ್ಬುಗಳು ಕಂಪನಿಗಳ ಒಳಗೇ ಇವೆ, ಅಲ್ಲಿನ ಗೇಟು ದಾಟಲು ಗುರುತಿನ ಚೀಟಿ ಬೇಕು. ಇಂಗ್ಲಿಷ್ ಒಂದೇ ನಡೆಯುವ ಕಡೆ ಲಿಫ್ಟಿನವರು ಬಾಗಿಲ ತನಕವೂ ಬರ್ತಿರಲಿಲ್ಲ, ಅವರೇ ಹೇಳಿದ್ದು. ಕನ್ನಡದ ವಾರ ಇದೆ ಅಂತ ಗೊತ್ತಾದ ಮೇಲೆ ಬಂದರು. ನಮ್ಮಲ್ಲಿ ಇಬ್ಬರು ಮೂವರ ಶುಲ್ಕವನ್ನು ಉಳಿದವರು ಸೇರಿ ಕಟ್ಟುತ್ತೇವೆ. ಅದು ಸಾಲದು ಅಂತ ನನಗೂ ಗೊತ್ತಿದೆ.

— ಸಾಲದು. ಒಳಗೆ ಬಂದವರನ್ನು ಹೇಗೆ ಕರೆಯುವುದು ಅನ್ನುವುದೂ ಒಂದು ಪ್ರಶ್ನೆ. ವಚನಕಾರರ ಹೆಸರುಗಳನ್ನು ನೋಡು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಹೆಸರಿನ ಮುಂದೆಯೇ ಕಾಯಕ ನಿಂತಿದೆ. ನಿಮ್ಮಲ್ಲಿ ಹೇಗೆ ಕರೀತಾರೆ?

— ಹೆಸರು ಮಾತ್ರ. ಹುದ್ದೆ ಹೇಳುವುದಿಲ್ಲ. ಮ್ಯಾನೇಜರೂ ಅಷ್ಟೇ, ಅಪ್ರೆಂಟಿಸೂ ಅಷ್ಟೇ. ಅದರಿಂದ ಒಂದು ಸಮಾನತೆ ಬರ್ತದೆ ಅಂತ ನನಗನಿಸಿದೆ.

— ಬರ್ತದೆ, ಅರ್ಧ. ಕಾಯಕ ಮುಚ್ಚಿಟ್ಟು ಎಲ್ಲರೂ ಸಮ ಅನ್ನುವುದು ಕಷ್ಟ ಇಲ್ಲ. ದೋಣಿ ನಡೆಸುವವ ನಾನು ಅಂತ ಹೆಸರಿನಲ್ಲೇ ಹೇಳಿಕೊಂಡು, ಅದೇ ದೋಣಿಯ ಭಾಷೆಯಲ್ಲಿ ಎದುರಿದ್ದವನನ್ನು ತರಾಟೆಗೆ ತೆಗೆದುಕೊಂಡ ಚೌಡಯ್ಯನ ಹಾಗೆ ನಿಲ್ಲುವುದು ಕಷ್ಟ. ನಿನ್ನ ಲಿಫ್ಟಿನವ ಕತ್ತಲ ಕಥೆ ಹೇಳಿದಾಗ ಮಾತು ಮೇಲೆದ್ದಿತಲ್ಲ, ಅದಕ್ಕೆ ಕಾರಣ ಅವನು ಕಾಯಕವನ್ನು ಹೊರಗೆ ಬಿಟ್ಟು ಬಂದದ್ದಲ್ಲ, ಒಳಗೆ ತಂದದ್ದು.

— ಇದನ್ನು ನಾನು ಹೀಗೆ ಯೋಚಿಸಿರಲಿಲ್ಲ. ಬಾಗಿಲಲ್ಲಿ ಹುದ್ದೆ ಕೇಳದಿರುವುದು ಒಳಗೆ ಬರಲು ಧೈರ್ಯ ಕೊಡ್ತದೆ. ಬಂದ ಮೇಲೆ ಅವರವರ ಕೆಲಸ ಮಾತಿನಲ್ಲಿ ಬರಲೇಬೇಕು. ಎರಡೂ ಬೇಕಲ್ಲವಾ?

— ಬೇಕು.

— ಬಂದವರಿಗೆ ತಕ್ಕ ಹಾಗೆ ಕೋಣೆಯ ಕ್ರಮವೂ ಬದಲಾಗಬೇಕಾಗ್ತದೆ. ನಮ್ಮಲ್ಲಿ ಒಬ್ಬರಿಗೆ ದೃಷ್ಟಿಯಿಲ್ಲ, ಬ್ಯಾಂಕಿನಲ್ಲಿ ಕೆಲಸ. ಅವರು ಬಂದ ಮೊದಲ ಸಂಜೆ ಕಾರ್ಡಿನ ವಿಷಯ ಯಾರಿಗೂ ಹೊಳೆದಿರಲಿಲ್ಲ. ಹಸಿರು ಎತ್ತಿದರು, ಹಳದಿ ಎತ್ತಿದರು, ಅವರಿಗೆ ಎಲ್ಲಿಂದ ಕಾಣಬೇಕು? ಮುಂದಿನ ಸಲ ಅವರೇ ಹೇಳಿದರು, ಮೇಜಿನ ಮೇಲೆ ಬೆರಳಿನಿಂದ ಕುಟ್ಟಿ ಅಂತ. ಹಸಿರಿಗೆ ಒಂದು ಸಲ, ಹಳದಿಗೆ ಎರಡು, ಕೆಂಪಿಗೆ ಮೂರು. ಈಗ ಅವರು ಟೈಮರ್ ಪಾಳಿಯನ್ನೂ ಮಾಡ್ತಾರೆ. ಮಾತಾಡುವ ಗಡಿಯಾರ ಕಿವಿಗೆ ಸಿಕ್ಕಿಸಿಕೊಂಡು ಮೇಜು ಕುಟ್ಟುತ್ತಾರೆ. ಆ ದಿನ ನಾವು ಯಾರೂ ಕಾರ್ಡು ನೋಡುವುದಿಲ್ಲ, ಕಿವಿಯಿಂದಲೇ ಹೊತ್ತು ತಿಳಿದುಕೊಳ್ಳುತ್ತೇವೆ. ಭಾಷಣದ ನಡುವೆ ಕೇಳುಗರ ಮುಖ ನೋಡಬೇಕು ಅಂತ ಹೊಸಬರಿಗೆ ಪಾಠ ಹೇಳ್ತೇವಲ್ಲ, ಅವರು ಮುಖ ನೋಡದೆ ಕೋಣೆಯನ್ನು ಹೇಗೆ ಹಿಡಿದಿಡ್ತಾರೆ ಅಂತ ನೀವು ಒಮ್ಮೆ ಬಂದು ಕೇಳಬೇಕು. ಕುರ್ಚಿ ಕಿರುಗುಟ್ಟಿದರೆ ಸಾಕು, ಅಲ್ಲಿ ಯಾರಿಗೋ ಬೇಸರ ಬಂದಿದೆ ಅಂತ ಅವರಿಗೆ ಗೊತ್ತಾಗ್ತದೆ. ಆ ಕಡೆಗೇ ತಿರುಗ್ತಾರೆ.

— ಇನ್ನೊಂದು ಕೇಳ್ತೇನೆ, ನೇರವಾಗಿ ಹೇಳು. ರಾಜಕೀಯ, ಧರ್ಮ, ಜಾತಿ ಮಾತಾಡಲಿಕ್ಕೆ ಬಿಡ್ತಾರಾ?

— ಕ್ಲಬ್ಬಿನವರೇ ತೀರ್ಮಾನ ಮಾಡಿಕೊಳ್ಳಬಹುದು. ಬಹಳ ಕಡೆ ಬೇಡ ಅಂತಲೇ ಇದೆ. ನಮ್ಮಲ್ಲಿ ಪಕ್ಷದ ಪ್ರಚಾರ ಬೇಡ, ಧರ್ಮದ ಪ್ರಚಾರ ಬೇಡ, ಸ್ವಂತ ಅನುಭವ ಹೇಳಬಹುದು ಅಂತ ಮಾಡಿಕೊಂಡಿದ್ದೇವೆ.

— ಬೇಡ ಅನ್ನುವ ಕಡೆ ಏನು ಉಳಿಯಿತು? ಮನುಷ್ಯರು ದೂರ ಆಗಿರುವುದೇ ಆ ವಿಷಯಗಳಲ್ಲಿ. ಅದನ್ನು ಬಿಟ್ಟು ಪ್ರವಾಸ, ಅಡುಗೆ, ಆತ್ಮವಿಶ್ವಾಸ ಅಂತ ಮಾತಾಡಿ ಎಲ್ಲರೂ ಹತ್ತಿರ ಆದೆವು ಅಂದರೆ ನಾನು ನಂಬುವುದಿಲ್ಲ.

— ನೀವು ಹೇಳುವುದು ಸರಿ. ಅದಕ್ಕೇ ಆ ‘ಸ್ವಂತ ಅನುಭವ’ ಅನ್ನುವ ಕಿಂಡಿಯನ್ನು ನಾವು ಮುಚ್ಚಿಲ್ಲ. ವಿಜಯಪುರದ ಒಬ್ಬಳಿದ್ದಾಳೆ, ಫಿಸಿಯೋಥೆರಪಿಸ್ಟ್, ಮುಸ್ಲಿಂ ಮನೆಯವಳು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಬಗ್ಗೆ ಮಾತಾಡಿದಳು. ಬ್ರೋಕರ್ ಜೊತೆ ಫೋನಿನಲ್ಲಿ ಎಲ್ಲ ಸರಿಯಾಗಿಯೇ ಇರ್ತಿತ್ತು. ಎಷ್ಟು ಅಡ್ವಾನ್ಸ್, ನೀರಿಗೆಷ್ಟು, ಕಾರ್ ನಿಲ್ಲಿಸುವ ಜಾಗ ಎಲ್ಲ ಮಾತಾಗಿ, ಕೊನೆಗೆ ಹೆಸರು ಕೇಳಿದ ಮೇಲೆ ‘ಓನರ್ ಕೇಳಿ ಹೇಳ್ತೀನಿ ಮೇಡಂ’. ಆಮೇಲೆ ಫೋನ್ ಬರುವುದಿಲ್ಲ. ಯಾರನ್ನೂ ಬೈಯಲಿಲ್ಲ ಅವಳು. ಒಂದೊಂದು ಮನೆಯ ಅಡುಗೆಮನೆ ಹೇಗಿತ್ತು, ಬೆಳಕು ಯಾವ ಕಡೆಯಿಂದ ಬರ್ತಿತ್ತು, ಅಲ್ಲಿ ಅಮ್ಮನ ಮಂಚ ಎಲ್ಲಿ ಹಾಕಬೇಕು ಅಂತ ಅಂದುಕೊಂಡಿದ್ದಳು, ಅಷ್ಟನ್ನೇ ಹೇಳ್ತಾ ಹೋದಳು. ಕೆಂಪು ಕಾರ್ಡು ಎತ್ತಿದಾಗ ಇನ್ನೂ ಎರಡು ಮನೆ ಬಾಕಿ ಇತ್ತು. ಅಲ್ಲಿಗೇ ನಿಲ್ಲಿಸಿ ಬಂದು ಕೂತಳು.

ಆ ಕೋಣೆಯಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟವರೊಬ್ಬರಿದ್ದರು. ಹಿರಿಯರು, ನನಗೆ ಬಹಳ ಬೇಕಾದವರು. ಅವರ ಮನೆಯ ಬೋರ್ಡಿನಲ್ಲಿ ಯಾರಿಗೆ ಮಾತ್ರ ಕೊಡುವುದು ಅಂತ ಬರೆದಿತ್ತು. ಅದು ನಮ್ಮಲ್ಲಿ ಕೆಲವರಿಗೆ ಗೊತ್ತಿತ್ತು.

— ಏನಂದರು ಅವರು?

— ಅವತ್ತು ಒಂದು ಮಾತೂ ಆಡಲಿಲ್ಲ. ಚಹಾ ಕುಡಿಯುವಾಗಲೂ ಮೌನ. ಮುಂದಿನ ತಿಂಗಳು ಪಾಳಿಯ ಪಟ್ಟಿ ಹಾಕುವಾಗ ಅವಳ ಮುಂದಿನ ಭಾಷಣಕ್ಕೆ ವಿಮರ್ಶಕರಾಗಿ ತಾವೇ ಹೆಸರು ಕೊಟ್ಟರು. ಕೂತು, ಟಿಪ್ಪಣಿ ಮಾಡಿಕೊಂಡು, ಅವಳ ಮಾತಿನ ಕಟ್ಟು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅಂತ ಹೇಳಿದರು. ಅಷ್ಟೇ ನಡೆದದ್ದು. ಇದರಿಂದ ಊರಿನ ಬೋರ್ಡುಗಳೆಲ್ಲ ಇಳಿದವು ಅಂತ ನಾನು ಹೇಳುವುದಿಲ್ಲ. ಆದರೆ ಆ ಏಳು ನಿಮಿಷ ಅವರು ಎದ್ದು ಹೋಗದೆ, ಅಡ್ಡ ಬಾಯಿ ಹಾಕದೆ, ಅವಳ ಅಮ್ಮನ ಮಂಚದ ಬಗ್ಗೆ ಕೇಳಿದರು. ಬೇರೆ ಯಾವ ಜಾಗದಲ್ಲಿ ಅವರು ಅದನ್ನು ಕೇಳ್ತಿದ್ದರು? ಟಿವಿಯ ಚರ್ಚೆಯಲ್ಲಿ ಆಗಿದ್ದರೆ ಮೂರನೇ ವಾಕ್ಯಕ್ಕೇ ನಾಲ್ಕು ಜನ ಮುಗಿಬೀಳ್ತಿದ್ದರು.

— ಅದು ಹೌದು. ಟಿವಿಯಲ್ಲಿ ಮಾತಿದೆ, ಕೇಳುವವರು ಯಾರೂ ಇಲ್ಲ.

— ಗಾರ್ಡನ್ ಆಲ್‌ಪೋರ್ಟ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ 1954ರಲ್ಲಿ ಪೂರ್ವಗ್ರಹದ ಬಗ್ಗೆ ದೊಡ್ಡ ಪುಸ್ತಕ ಬರೆದ. ಬೇರೆ ಬೇರೆ ಗುಂಪಿನ ಜನ ಬರಿದೇ ಒಂದೆಡೆ ಸೇರಿದರೆ ಸಾಲದು ಅಂತ ಅವನ ವಾದ. ಸೇರಿದ ಜಾಗದಲ್ಲಿ ಎಲ್ಲರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬೇಕಾಗಬೇಕು, ಆ ಜಾಗದ ನಿಯಮವೇ ಅದಕ್ಕೆ ಬೆಂಬಲ ಕೊಡಬೇಕು. ಮೆಟ್ರೋದ ಬೋಗಿಯಲ್ಲಿ ಇದರಲ್ಲಿ ಒಂದೂ ಇಲ್ಲ. ನಮ್ಮ ಕೋಣೆಯಲ್ಲಿ ನಾಲ್ಕೂ ಇವೆ. ಎಲ್ಲರಿಗೂ ಒಂದೇ ಅಳತೆಯ ಹೊತ್ತು. ಎಲ್ಲರಿಗೂ ಚೆನ್ನಾಗಿ ಮಾತಾಡುವ ಆಸೆ. ಟೈಮರ್ ಬರದಿದ್ದರೆ, ವಿಮರ್ಶಕ ಬರದಿದ್ದರೆ ಸಭೆ ನಡೆಯುವುದೇ ಇಲ್ಲ. ತಡೆಯದೆ ಕೇಳಬೇಕು ಅನ್ನುವುದು ಕ್ಲಬ್ಬಿನದ್ದೇ ನಿಯಮ. ಜೊತೆಗೆ ಎಲ್ಲರಲ್ಲೂ ಒಂದೇ ಭಯ. ಹೆಸರು ಕರೆದಾಗ ಬಾಯಿ ಒಣಗುವುದು ಮ್ಯಾನೇಜರಿಗೂ ತಪ್ಪಿದ್ದಲ್ಲ. 2015ರಲ್ಲಿ ಟೋಸ್ಟ್‌ಮಾಸ್ಟರ್ಸ್‌ನ ವಿಶ್ವ ಸ್ಪರ್ಧೆ ಗೆದ್ದವರು ಸೌದಿ ಅರೇಬಿಯಾದ ಮೊಹಮ್ಮದ್ ಖಹ್ತಾನಿ, ಬಾಲ್ಯದಲ್ಲಿ ಉಗ್ಗು ಇದ್ದವರು. ಅದರ ಹಿಂದಿನ ವರ್ಷ ಗೆದ್ದವರು ಶ್ರೀಲಂಕಾದ ಧನಂಜಯ ಹೆಟ್ಟಿಆರಚ್ಚಿ. ನಮ್ಮ ಲಿಫ್ಟಿನವರು ಅವರಿಬ್ಬರ ವಿಡಿಯೋ ಫೋನಿನಲ್ಲಿ ಇಟ್ಟುಕೊಂಡಿದ್ದಾರೆ, ಊಟದ ಹೊತ್ತಿನಲ್ಲಿ ನೋಡ್ತಾರೆ.

— ನಮ್ಮ ಪುತ್ತೂರಿನಲ್ಲಿ ಇಂಥದ್ದು ನಡೆಸಲಿಕ್ಕೆ ಆಗ್ತದಾ ಅಂತ ನಾನು ಆಗಿನಿಂದ ಲೆಕ್ಕ ಹಾಕ್ತಾ ಇದ್ದೇನೆ. ಡಾಲರ್ ಬೇಡ. ಆ ಸಂಸ್ಥೆಯ ಹೆಸರೂ ಬೇಡ, ನಾವೇ ಒಂದು ಕೂಟ ಮಾಡುವುದು. ಶಾಲೆಯಲ್ಲಿ ಒಂದು ಕೋಣೆ ಕೇಳಿದರೆ ಕೊಡ್ತಾರೆ. ತುಳುವಿಗೆ ಒಂದು ದಿನ, ಕನ್ನಡಕ್ಕೆ ಒಂದು ದಿನ. ಬ್ಯಾರಿ ಮಾತಾಡುವವರಿದ್ದಾರೆ, ಕೊಂಕಣಿಯವರಿದ್ದಾರೆ, ಅವರಿಗೂ ಯಾವ ಭಾಷೆ ಬಾಯಿಗೆ ಬರ್ತದೋ ಅದು.

— ಯಾರನ್ನು ಕರೀತೀರಿ?

— ತಾಳಮದ್ದಳೆಯವರನ್ನು ಮೊದಲಿಗೆ ಕರೆಯುವುದಿಲ್ಲ. ಅವರು ಬಂದರೆ ಉಳಿದವರ ಬಾಯಿ ಕಟ್ಟಿ ಹೋಗ್ತದೆ, ಅಷ್ಟು ಚಂದ ಮಾತಾಡ್ತಾರೆ ಅವರು. ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಒಂದಿಬ್ಬರು ಗುರುತಿನವರಿದ್ದಾರೆ. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬ ನನ್ನ ವಿದ್ಯಾರ್ಥಿ. ಅಡಿಕೆ ಮರ ಹತ್ತಿ ಮದ್ದು ಬಿಡುವ ಹುಡುಗರನ್ನು ಕರೀಬೇಕು. ಮಳೆಗಾಲದಲ್ಲಿ ಕೊಳೆರೋಗ ಬಂತು ಅಂದರೆ ಊರಿಡೀ ಅವರಿಗಾಗಿ ಕಾಯ್ತದೆ, ಆದರೆ ಅಷ್ಟೆತ್ತರದಲ್ಲಿ ಜಾರುವ ಮರ ಅಪ್ಪಿ ಹಿಡಿದವನಿಗೆ ಏನನಿಸ್ತದೆ ಅಂತ ತೋಟದ ಯಜಮಾನರು ಯಾರೂ ಕೇಳಿದವರಲ್ಲ. ಯಜಮಾನರನ್ನೂ ಕರೆಯುವುದೇ. ಬೀಡಿ ಕಟ್ಟುವ ಹೆಂಗಸರು ಬರಬೇಕು. ಅವರು ಬರದಿದ್ದರೆ ನಮ್ಮ ಕೂಟವೂ 1973ರ ಹಿಂದಿನ ನಿಮ್ಮ ಸಂಸ್ಥೆಯ ಹಾಗೆ ಆಗ್ತದೆ.

— ಮೊದಲ ಭಾಷಣ ನಿಮ್ಮದೇ ಇರಲಿ ಮಾವ. ಮೇಷ್ಟ್ರು ಮೊದಲು ನಿಂತರೆ ಉಳಿದವರಿಗೆ ದಾರಿಯಾಗ್ತದೆ. ಆದರೆ ವಿಮರ್ಶಕರನ್ನು ಅವತ್ತೇ ನೇಮಿಸಿ, ನಿಮಗಿಂತ ಚಿಕ್ಕವರನ್ನೇ ಹಾಕಿ. ಹೇಳುವವರಿಗೆ ಮೊದಲೇ ತಿಳಿಸಿಬಿಡಿ, ಒಂದು ಒಳ್ಳೆಯದು, ಒಂದು ತಿದ್ದಬೇಕಾದ್ದು, ಎರಡನ್ನೂ ಹೇಳಲೇಬೇಕು, ಬರೀ ಹೊಗಳಿ ಕೂರುವ ಹಾಗಿಲ್ಲ.

— ಡಿಪೋದ ಹುಡುಗನನ್ನೇ ಹಾಕ್ತೇನೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲೇ ಕೂರ್ತಿದ್ದವ ಅವನು. ಹೊತ್ತಿನದ್ದು ಮಾತ್ರ ಈಗ ನಿಗದಿ ಮಾಡುವುದಿಲ್ಲ. ಬೀಡಿ ಕೊಟ್ಟು ಮನೆಗೆ ಬಂದು ಅಡುಗೆ ಮುಗಿಸುವಾಗ ಗಂಟೆ ಎಷ್ಟಾಗ್ತದೆ ಅಂತ ಆ ಹೆಂಗಸರನ್ನೇ ಕೇಳಬೇಕು. ಅವರು ಹೇಳಿದ ಗಂಟೆಗೆ ಉಳಿದವರು ಬರಲಿ.

— ಕೇಳಿ ನನಗೆ ಫೋನ್ ಮಾಡಿ. ಶನಿವಾರ ರಾತ್ರಿಯ ಬಸ್ಸಿಗೆ ಹೊರಟು ಬರ್ತೇನೆ, ಮೊದಲ ಸಭೆಗೆ ಟೈಮರ್ ನಾನೇ ಆಗ್ತೇನೆ.